ಸಂಘದೊಳಗೆ ಸಣ್ಣ ಚರ್ಚಾ ಗುಂಪು ಕಟ್ಟುವುದು ಹೇಗೆ?

ಪ್ರಶ್ನೆ:
ನಮ್ಮ ವೃತ್ತಿಪರರ ಸಂಘದಲ್ಲಿ ಸುಮಾರು 120 ಸದಸ್ಯರಿದ್ದಾರೆ. ಉಪನ್ಯಾಸಗಳಿಗೆ ಜನ ಬರುತ್ತಾರೆ, ಕೇಳಿ ಹೋಗುತ್ತಾರೆ. ಕೆಲಸದ ತೊಡಕುಗಳನ್ನು ಸಹವೃತ್ತಿಯವರ ಜೊತೆ ಬಿಚ್ಚಿ ಮಾತಾಡಲು ಸಣ್ಣ ಗುಂಪುಗಳು ಬೇಕು. ಗುಂಪಿಗೆ ಎಷ್ಟು ಜನ? ಯಾರನ್ನು ಯಾರ ಜೊತೆ ಸೇರಿಸಬೇಕು? ವಾಟ್ಸ್‌ಆ್ಯಪ್ ಸಾಲದೇ?

ಉತ್ತರ 1:
ಏಳೆಂಟು ಜನ ಸರಿ. ಐವರೇ ಇದ್ದರೆ, ಇಬ್ಬರು ತಪ್ಪಿಸಿದ ದಿನ ಚರ್ಚೆ ಹರಟೆಯಾಗುತ್ತದೆ. ಹತ್ತು ದಾಟಿದರೆ ಮೂರ್ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ, ಮತ್ತದೇ ಉಪನ್ಯಾಸ.

ಮೇಲಧಿಕಾರಿಯೂ ಅವರ ಕೈಕೆಳಗಿನವರೂ ಒಂದೇ ಗುಂಪಿನಲ್ಲಿ ಬೇಡ. ಒಂದೇ ಗಿರಾಕಿಗಾಗಿ ಪೈಪೋಟಿ ಮಾಡುವವರೂ ಬೇಡ. ಶುಲ್ಕ ಎಷ್ಟಿಡಬೇಕು ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸಿ: ಪೈಪೋಟಿದಾರರು ಕೂಡಿ ದರ ಮಾತಾಡಿಕೊಳ್ಳುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಸಂಘವೂ ಸಿಕ್ಕಿಬೀಳಬಹುದು. ಹೊಸಬರನ್ನು ಸೇರಿಸುವಾಗ ಇಬ್ಬರನ್ನಾದರೂ ಸೇರಿಸಿ, ಒಬ್ಬರೇ ಇದ್ದರೆ ಬಾಯಿಬಿಡುವುದಿಲ್ಲ.

ವಾಟ್ಸ್‌ಆ್ಯಪ್ ದಿನ, ಸಮಯ ತಿಳಿಸಲು ಮಾತ್ರ. ಸ್ಕ್ರೀನ್‌ಶಾಟ್ ಭಯವಿರುವ ಕಡೆ ಯಾರೂ ನಿಜವಾದ ತೊಡಕು ಬರೆಯುವುದಿಲ್ಲ.

ಉತ್ತರ 2:
ಮೊದಲು ಎರಡೇ ಗುಂಪು ಶುರುಮಾಡಿ. ಒಂದು ಕೂಟಕ್ಕೆ 90 ನಿಮಿಷ. ಒಬ್ಬರು ಮುಂದಿಡುವ ಕೆಲಸದ ತೊಡಕೇ ಒಂದು ಪ್ರಕರಣ. ಕಳೆದ ಸಲದ ಪ್ರಕರಣ ಏನಾಯಿತು ಎಂಬುದಕ್ಕೆ 10 ನಿಮಿಷ, ಆಮೇಲೆ 35 ನಿಮಿಷದಂತೆ ಎರಡು ಪ್ರಕರಣ, ಮುಂದಿನ ಸಲ ಯಾರು ಮಂಡಿಸುತ್ತಾರೆ ಎಂದು ಗೊತ್ತುಮಾಡಲು ಕೊನೆಯ 10.

ಆ 35 ನಿಮಿಷವೇ ಇದರ ಜೀವಾಳ: 5 ನಿಮಿಷ ಮಂಡನೆ, 10 ನಿಮಿಷ ಬರೀ ಪ್ರಶ್ನೆ, 15 ನಿಮಿಷ ಚರ್ಚೆ, ಕೊನೆಗೆ 5 ನಿಮಿಷ ಮಂಡಿಸಿದವರ ಮಾತು. ಪ್ರಶ್ನೆಯ ಹೊತ್ತಿನಲ್ಲಿ ಸಲಹೆ ನುಸುಳದಂತೆ ನೋಡಿಕೊಳ್ಳಿ. "ಹೀಗೆ ಮಾಡಬಹುದಿತ್ತಲ್ಲ?" ಎಂಬುದು ಪ್ರಶ್ನೆಯ ವೇಷದ ಸಲಹೆ. ಚರ್ಚೆಯ 15 ನಿಮಿಷ ಮಂಡಿಸಿದವರು ಸುಮ್ಮನೆ ಕೇಳಲಿ. ಇಲ್ಲವಾದರೆ ಪ್ರತಿ ಮಾತಿಗೂ "ಅದನ್ನೂ ಮಾಡಿ ನೋಡಿದೆ" ಎನ್ನುತ್ತಾ ಹೊತ್ತು ಕಳೆಯುತ್ತದೆ. 1950ರ ದಶಕದಲ್ಲಿ ಲಂಡನ್ನಿನ ವೈದ್ಯರ ನಡುವೆ ಬೆಳೆದ, ತಮ್ಮ ರೋಗಿಗಳ ಪ್ರಕರಣ ಚರ್ಚಿಸುವ ಬಾಲಿಂಟ್ ಗುಂಪುಗಳಲ್ಲಿ ಈಗಲೂ ಅನೇಕ ಕಡೆ ಮಂಡಿಸಿದವರು ಹೀಗೆ ಹಿಂದೆ ಸರಿದು ಕೂರುವ ರೂಢಿಯಿದೆ.

ನಡೆಸುವ ಹೊಣೆ ಪ್ರತಿ ಸಲ ಒಬ್ಬೊಬ್ಬರಿಗೆ ಹೋಗಲಿ.

ಉತ್ತರ 3:
ಕೊನೆಯ ಮಾತು ಒಪ್ಪಲಾರೆ. ಮೊದಲ ಮೂರು ಕೂಟಗಳನ್ನು ಒಬ್ಬರೇ ನಡೆಸಬೇಕು, ಹೊತ್ತು ಪಾಲಿಸುವ ರೂಢಿ ಬೀಳುವುದೇ ಆಗ. ನಂತರ ಸರದಿ ಮಾಡಿ.

ತಿಂಗಳಿಗೊಂದರಂತೆ ಆರು ಕೂಟಕ್ಕೆ ಮಾತ್ರ ಒಪ್ಪಿಗೆ ಪಡೆಯಿರಿ. ಮುಗಿಯುವ ದಿನ ಗೊತ್ತಿದ್ದರೆ ಜನ ತಪ್ಪಿಸುವುದು ಕಡಿಮೆ, ಬೇಡವಾದವರಿಗೆ ಮುಜುಗರವಿಲ್ಲದೆ ಹೊರಹೋಗಲು ದಾರಿಯೂ ಇರುತ್ತದೆ. ನಡುವೆ ಹೊಸಬರನ್ನು ಸೇರಿಸಬೇಡಿ, ಕಟ್ಟಿದ ನಂಬಿಕೆ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಗುಟ್ಟಿನ ವಿಷಯಕ್ಕೆ ಲಂಡನ್ನಿನ ಅಧ್ಯಯನ ಸಂಸ್ಥೆ ಚಾಥಮ್ ಹೌಸ್ 1927ರಲ್ಲಿ ಮಾಡಿದ ನಿಯಮ ಅನುಕೂಲ: ಕಲಿತದ್ದನ್ನು ಬಳಸಬಹುದು, ಯಾರು ಹೇಳಿದರೆಂದು ಹೊರಗೆ ಹೇಳುವಂತಿಲ್ಲ. ಆದರೆ ಸಣ್ಣ ವೃತ್ತಿವಲಯದಲ್ಲಿ ಹೆಸರಿಲ್ಲದಿದ್ದರೂ ವಿವರದಿಂದಲೇ ಗುರುತು ಹತ್ತುತ್ತದೆ. ಹಾಗಾಗಿ ಪ್ರಕರಣವೇ ಹೊರಹೋಗಬಾರದು ಎಂದು ಬಿಗಿಮಾಡಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಕಾರ್ಯಕಾರಿ ಸಮಿತಿ ಪ್ರತಿ ತಿಂಗಳೂ ನಡಾವಳಿ ಕೇಳುತ್ತಿದೆ, ಏನು ಕೊಡಲಿ?

ಉತ್ತರ 3:
ದಿನಾಂಕ, ಹಾಜರಾದವರ ಸಂಖ್ಯೆ, ಮುಂದಿನ ಕೂಟದ ದಿನ. ಇಷ್ಟೇ. ವಿಷಯದ ಸಾರಾಂಶ ಕೇಳಿದರೆ ಕೊಡಬೇಡಿ, ಮತ್ತು ಈ ಒಪ್ಪಂದವನ್ನು ಮೊದಲ ಕೂಟಕ್ಕೆ ಮುಂಚೆಯೇ ಸಮಿತಿಯಿಂದ ಬರಹದಲ್ಲಿ ಪಡೆದುಕೊಳ್ಳಿ.