ರಾಜೇಂದ್ರ ಶ್ರೀಗಳ ಜಯಂತಿಗೆ 300 ಜನಕ್ಕೆ ದಾಸೋಹ: ಸಾಮಾನಿನ ಲೆಕ್ಕ ಬೇಕು

ಕಪಿಲೆದಡ: ಆಗಸ್ಟ್ 29ಕ್ಕೆ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಶ್ರೀಗಳ ಜಯಂತಿ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮಧ್ಯಾಹ್ನ ಅನ್ನ, ಹುಳಿ, ಕಡಲೆಬೇಳೆ ಪಾಯಸ, ಮಜ್ಜಿಗೆ. ಅಡುಗೆ ನಮ್ಮದೇ. ಏನೇನು ಎಷ್ಟೆಷ್ಟು ಬೇಕು? ಕರಪತ್ರಕ್ಕೆ ‘22ನೇ ಪೀಠಾಧಿಪತಿ’ ಅಂತ ಬರೆದಿದ್ದೇವೆ, ಸರೀನಾ?

ಹಂಡೆಲೆಕ್ಕ: ಸೋನಾ ಮಸೂರಿ 33 ಕೆಜಿ. ಒಂದೇ ಹಂಡೆಗೆ ಸುರಿಯಬೇಡಿ. ತಳ ಸೀಯುತ್ತೆ, ನಡುವೆ ಅಕ್ಕಿ ಅಕ್ಕಿಯಾಗೇ ಉಳಿಯುತ್ತೆ. 11 ಕೆಜಿಯಂತೆ ಮೂರು ಸಲ, ಗಂಜಿ ಬಸಿದು ಮಾಡಿ. ಅಗುಳು ಹಿಸುಕಿದರೆ ಒಳಗೆ ಸಣ್ಣ ಗಟ್ಟಿ ಸಿಗುವಾಗಲೇ ಬಸಿಯಬೇಕು, ಉಳಿದದ್ದು ಹಬೆಯಲ್ಲೇ ಬೇಯುತ್ತೆ. ಹುಳಿಗೆ ತೊಗರಿಬೇಳೆ 8 ಕೆಜಿ, ತರಕಾರಿ 16 ಕೆಜಿ, ಹುಣಸೆಹಣ್ಣು 600 ಗ್ರಾಂ, ಪುಡಿ 800 ಗ್ರಾಂ. ಉಪ್ಪು 600 ಗ್ರಾಂ ಹಾಕಿ, ರುಚಿ ನೋಡಿ ಮುಂದಿನದು. ಬೇಳೆ ನುಣ್ಣಗೆ ಬೆಂದ ಮೇಲೇ ಹುಣಸೆರಸ. ಮೊದಲೇ ಬಿಟ್ಟರೆ ಬೇಳೆ ಬೇಯೋದೇ ಇಲ್ಲ. ಮಜ್ಜಿಗೆಗೆ 15 ಲೀಟರ್ ಮೊಸರು, 30 ಲೀಟರ್ ನೀರು.

ಓಲೆಗರಿ: 22 ಅಲ್ಲ, 23ನೇ ಪೀಠಾಧಿಪತಿ. ಹುಟ್ಟಿದ್ದು 1916, ಲಿಂಗೈಕ್ಯರಾದದ್ದು 1986. ಹಳ್ಳಿಯಿಂದ ಓದಲು ಬಂದ ಬಡ ಹುಡುಗರಿಗೆ 1941ರಲ್ಲಿ ಮೈಸೂರಿನಲ್ಲಿ ಉಚಿತ ಊಟ-ವಸತಿಯ ವಿದ್ಯಾರ್ಥಿನಿಲಯ ತೆರೆದರು, 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ. ಕರಪತ್ರದಲ್ಲಿ 1941ರ ಸಂಗತಿಯೇ ಮೇಲಿರಲಿ, ಬಿರುದುಗಳು ಆಮೇಲೆ. ಇನ್ನೊಂದು: ‘ಅನ್ನದಾನ’ ಅಂತ ಹಾಕಬೇಡಿ, ‘ದಾಸೋಹ’ ಅನ್ನಿ. ದಾನದಲ್ಲಿ ಕೊಡುವವನು ಮೇಲೆ, ದಾಸೋಹದಲ್ಲಿ ಬಡಿಸುವವನು ದಾಸ. ಹಾಗಾಗಿ ಗಣ್ಯರಿಗೆ ಬೇರೆ ಪಂಕ್ತಿಯೂ ಬೇಡ.

ಬೆಲ್ಲದಚ್ಚು: ಪಾಯಸದ ಲೆಕ್ಕ ಬಿಟ್ಟುಹೋಯ್ತು. ಕಡಲೆಬೇಳೆ 3.5 ಕೆಜಿ, ಮಂಡ್ಯದ ಅಚ್ಚುಬೆಲ್ಲ 7 ಕೆಜಿ, ತೆಂಗಿನಕಾಯಿ 12. ಬೆಲ್ಲವನ್ನು ಬೇರೆ ಕರಗಿಸಿ ಸೋಸಿ, ಇಲ್ಲದಿದ್ದರೆ ಮರಳು ಹಲ್ಲಿಗೆ ಸಿಗುತ್ತೆ. ಇದಕ್ಕೂ ಹುಳಿಯ ನಿಯಮವೇ: ಬೇಳೆ ಬೇಯುವ ಮುಂಚೆ ಬೆಲ್ಲ ಬಿದ್ದರೆ ಬೇಳೆ ಗಟ್ಟಿಯಾಗೇ ನಿಲ್ಲುತ್ತೆ. ಕಾಯಿಹಾಲು ಒಲೆ ಆರಿಸಿದ ಮೇಲೆ. ಕುದಿಯುವಾಗ ಬಿಟ್ಟರೆ ಒಡೆಯುತ್ತೆ.

ಕಪಿಲೆದಡ: ಸದ್ಯ, ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ! ಅನ್ನ ಉಳಿದರೆ?

ಹಂಡೆಲೆಕ್ಕ: ಉಳಿಯದ ಹಾಗೆ ಮಾಡಿ. ಎರಡನೇ ಪಂಕ್ತಿ ಕೂತಾಗ ತಲೆ ಎಣಿಸಿ, ಆಮೇಲೆ ಮೂರನೇ ಹಂಡೆಗೆ ಅಕ್ಕಿ ಹಾಕಿ. ಎಸರು ಮಾತ್ರ ಕುದಿಯುತ್ತಿರಲಿ. ಬೇಯಿಸದ ಅಕ್ಕಿಯನ್ನು ಯಾವುದಾದರೂ ಹಾಸ್ಟೆಲಿಗೆ ಕೊಡಬಹುದು. ಬಿಸಿ ಅನ್ನ ಮುಚ್ಚಿಟ್ಟರೆ ಸಂಜೆಗೆ ಹಳಸುತ್ತೆ, ಅದನ್ನು ಯಾರಿಗೂ ಕೊಡಬೇಡಿ.