ಬೀದರ್‌ನ ಸ್ಟ್ಯಾಂಡ್‌ಬೈ ನಿಂತದ: ಪೂರಾ ಬೇಸ್ ಬ್ಯಾಕಪ್ ಮತ್ತ ತಗೋಬೇಕೇನ್ರಿ?

ಗಂಜ್_ಸರ್ವರ್:
ಪ್ರೈಮರಿ (ಬರವಣಿಗಿ ನಡೆಯೋ ಮೂಲ ಸರ್ವರ್) ಕಲಬುರಗಿಯೊಳಗ, ಅದರ ನಕಲು ಇಟ್ಕೊಳ್ಳೋ ಸ್ಟ್ಯಾಂಡ್‌ಬೈ ಬೀದರ್‌ದಾಗ. ಪೋಸ್ಟ್‌ಗ್ರೆಸ್ 15. ಡೇಟಾಬೇಸ್ 400 ಜಿಬಿ, ನಡುವಿನ ಲಿಂಕ್ 20 ಎಂಬಿಪಿಎಸ್. ಅಡತಿ ಅಂಗಡಿಗಳ ಬಿಲ್ಲಿಂಗ್ ಇದರ ಮ್ಯಾಲೇ ನಡೀತದ. ತೊಗರಿ ಆವಕ ಜೋರಿದ್ದದ್ದಕ್ಕ ದಿನಕ್ಕ ಸುಮಾರು 30 ಜಿಬಿ ವಾಲ್ (ಡೇಟಾಬೇಸಿನ ಬದಲಾವಣೆ ಬರೆದಿಡೋ ಲಾಗ್) ಹುಟ್ಟಲಿಕತ್ತದ. ರಸ್ತೆ ಅಗೆಯುವಾಗ ಫೈಬರ್ ಕಡಿದು ಎರಡು ದಿನ ಲಿಂಕ್ ಇರಲಿಲ್ಲ. ಈಗ ಲಿಂಕ್ ಬಂದದ, ಆದ್ರ ಸ್ಟ್ಯಾಂಡ್‌ಬೈ ಲಾಗಿನಾಗ "ರಿಕ್ವೆಸ್ಟೆಡ್ ವಾಲ್ ಸೆಗ್ಮೆಂಟ್ ಹ್ಯಾಸ್ ಆಲ್ರೆಡಿ ಬೀನ್ ರಿಮೂವ್ಡ್" (ಬೇಕಾದ ವಾಲ್ ಫೈಲ್ ಆಗಲೇ ಅಳಿಸಿ ಹೋಗದ) ಅಂತ ಒಂದೇ ಸಮ ಬರ್ಲಿಕತ್ತದ. ಸ್ಲಾಟ್ (ಸ್ಟ್ಯಾಂಡ್‌ಬೈ ತಗೊಳ್ಳೋ ತನಕ ವಾಲ್ ಹಿಡಿದಿಡೋ ಗುರುತು) ಮಾಡಿಲ್ಲ, ವಾಲ್_ಕೀಪ್_ಸೈಜ್ (ಪ್ರೈಮರಿ ಉಳಿಸಿಕೊಳ್ಳೋ ಹಳೇ ವಾಲ್) 2 ಜಿಬಿ. ಆರ್ಕೈವ್ (ವಾಲ್ ಫೈಲಿನ ನಕಲು) ಬ್ಯಾರೆ ಡಿಸ್ಕಿಗೆ ಹೋಗ್ತದ, 7 ದಿನದ್ದು ಉಳಿದಿರ್ತದ.

ವಾಲ್_ಕಾವಲು:
ಬೇಸ್ ಬ್ಯಾಕಪ್‌ಗೆ ಕೈ ಹಾಕಬ್ಯಾಡ್ರಿ. ಅದು ಡೇಟಾಬೇಸಿನ ಪೂರಾ ನಕಲು, 400 ಜಿಬಿ ಆ ಲಿಂಕಿನಾಗ ಹೋಗ್ಲಿಕ್ಕೆ ಒಂದು ನಿಮಿಷನೂ ನಿಲ್ಲದಿದ್ರೂ 44 ತಾಸು ಬೇಕು. ನಿಮಗ ಬೇಕಾಗಿದ್ದು ಎರಡು ದಿನದ ವಾಲ್, ಅಂದ್ರ 60 ಜಿಬಿ. ಅದು ಆರ್ಕೈವ್‌ದಾಗ ಅದ, 7 ತಾಸಿನೊಳಗ ಬೀದರ್ ಮುಟ್ತದ. ಕಂಪ್ರೆಸ್ ಮಾಡಿ ಕಳಿಸಿದ್ರ ಇನ್ನೂ ಕಡಿಮಿ.

ಮೊದಲು ಕಲಬುರಗಿಯೊಳಗ ಫಿಸಿಕಲ್ ಸ್ಲಾಟ್ ಮಾಡ್ರಿ. ಮಾಡುವಾಗ ಎರಡನೇ ಆರ್ಗ್ಯುಮೆಂಟ್ (ಈಗಿಂದೀಗಲೇ ವಾಲ್ ಹಿಡಿದಿಡು ಅನ್ನೋದು) ಟ್ರೂ ಕೊಡ್ರಿ. ಕೊಡಲಿಲ್ಲಾಂದ್ರ ಸ್ಟ್ಯಾಂಡ್‌ಬೈ ಒಮ್ಮೆ ಬಂದು ಜೋಡಿಸಿಕೊಳ್ಳೋ ತನಕ ಆ ಸ್ಲಾಟ್ ಏನೂ ಹಿಡಿದಿಡೂದಿಲ್ಲ, ನೀವು ನಕಲು ಮಾಡೋ ಹೊತ್ತಿಗೆ ಮತ್ತ ಫೈಲ್ ಅಳಿಸಿ ಹೋಗ್ತಾವ.

ಆಮ್ಯಾಲ ಲಾಗಿನಾಗ ಕೇಳ್ತಿರೋ ಸೆಗ್ಮೆಂಟಿನ 24 ಅಕ್ಷರದ ಹೆಸರು ಹಿಡಕೊಂಡು ಆರ್ಕೈವ್‌ದಾಗ ನೋಡ್ರಿ. ಅಲ್ಲಿಂದ ಮುಂದಿನ ಫೈಲ್ ಎಲ್ಲಾ ಆರ್‌ಸಿಂಕ್‌ನಿಂದ ಬೀದರ್‌ಗೆ, ಒಂದು ಬ್ಯಾರೆ ಫೋಲ್ಡರಿಗೆ. ಪಿಜಿ_ವಾಲ್ (ಸರ್ವರಿನ ಸ್ವಂತ ವಾಲ್ ಫೋಲ್ಡರ್) ಒಳಗ ಕೈಯಿಂದ ಏನೂ ಸುರೀಬ್ಯಾಡ್ರಿ. ಸ್ಟ್ಯಾಂಡ್‌ಬೈ ಕಾನ್ಫಿಗ್‌ದಾಗ ರಿಸ್ಟೋರ್_ಕಮಾಂಡ್‌ಗೆ ಆ ಫೋಲ್ಡರಿನಿಂದ ನಕಲು ಮಾಡೋ ಸಿಪಿ ಸಾಲು ಬರೀರಿ, ಪ್ರೈಮರಿ_ಸ್ಲಾಟ್_ನೇಮ್ ಸೇರಿಸ್ರಿ, ರೀಲೋಡ್ ಮಾಡ್ರಿ. 15ರಾಗ ಎರಡಕ್ಕೂ ರೀಸ್ಟಾರ್ಟ್ ಬೇಕಿಲ್ಲ. ಸಿಪಿ ಬದಲು ನಿಮ್ಮದೇ ಸ್ಕ್ರಿಪ್ಟ್ ಇಟ್ರ, ಫೈಲ್ ಸಿಗದಾಗ ಅದು ಸೊನ್ನೆ ಬಿಟ್ಟು ಬ್ಯಾರೆ ಸಂಖ್ಯೆ ವಾಪಸ್ ಕೊಡಲೇಬೇಕು.

ಆರ್ಕೈವ್ ಮುಗಿದ ಕೂಡಲೇ ಅದು ತಾನೇ ಸ್ಟ್ರೀಮಿಂಗ್‌ಗೆ ಬರ್ತದ. ಅಲ್ಲೀತನಕ ಆರ್‌ಸಿಂಕ್ ಮತ್ತ ಮತ್ತ ಓಡಿಸ್ರಿ, ಏಳು ದಿನದ ಹಳೇ ಆರ್ಕೈವ್ ಅಳಿಸೋ ಕ್ರಾನ್ (ಹೊತ್ತಿಗೆ ತಾನೇ ಓಡೋ ಕೆಲಸ) ಇವತ್ತೇ ನಿಲ್ಲಿಸ್ರಿ.

ನಡುವ ಒಂದೇ ಒಂದು ಸೆಗ್ಮೆಂಟ್ ಇಲ್ಲಂದ್ರೂ ಇದು ಆಗೂದಿಲ್ಲ. ಆವಾಗ ಸ್ಲಾಟ್ ಮಾಡಿ, ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಬೇಸ್ ಬ್ಯಾಕಪ್ ತಗೊಂಡು ಬೀದರ್ ರೈಲು ಹತ್ತೋದೇ ಲಗು. 110 ಕಿಲೋಮೀಟರ್, ಆ ಲಿಂಕಿಗಿಂತ ಎಷ್ಟೋ ಪಾಲು ಬೇಗ.

ಸುರಪುರ_ಡಿಬಿಎ:
ಸ್ಲಾಟ್ ಬಗ್ಗೆ ಒಂದು ಮಾತು, ಇದು ಪ್ರೈಮರಿಯನ್ನೇ ಮಲಗಿಸ್ತದ. ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಮೊದಲಿನಿಂದ ಇರೋದು -1, ಅಂದ್ರ ಮಿತಿ ಇಲ್ಲ. ಬೀದರ್ ಐದು ದಿನ ಬರಲಿಲ್ಲ ಅಂದ್ರ ಕಲಬುರಗಿಯ ಪಿಜಿ_ವಾಲ್ 150 ಜಿಬಿ ಉಬ್ಬಿ ಡಿಸ್ಕ್ ತುಂಬ್ತದ, ಸರ್ವರ್ ಪ್ಯಾನಿಕ್ ಆಗಿ ಬೀಳ್ತದ. ವಾಲ್‌ಗಂತ 150 ಜಿಬಿ ಇದ್ರ ಮಿತಿ 100 ಜಿಬಿ ಇಡ್ರಿ, ಮೂರು ದಿನದ ಮ್ಯಾಲ ತಡೀತದ. ಮಿತಿ ದಾಟಿದ್ರ ಸ್ಟ್ಯಾಂಡ್‌ಬೈ ಹೋಗ್ತದ, ಬಿಲ್ಲಿಂಗ್ ಉಳೀತದ. ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ದಾಗ ವಾಲ್_ಸ್ಟೇಟಸ್ "ಅನ್‌ರಿಸರ್ವ್ಡ್" ಅಂತ ಬಂದ್ರ ಫೋನಿಗೆ ಅಲರ್ಟ್ ಬರಂಗ ಮಾಡ್ರಿ. "ಲಾಸ್ಟ್" ಆದ ಮ್ಯಾಲ ಆ ಸ್ಲಾಟಿನಿಂದ ಏನೂ ಸಿಗೂದಿಲ್ಲ.

ಆರ್ಕೈವ್_ಕಮಾಂಡ್ ಫೇಲ್ ಆದ್ರೂ ಪಿಜಿ_ವಾಲ್ ಉಬ್ತದ, ಅದಕ್ಕ ಈ ಮಿತಿ ತಾಗೂದಿಲ್ಲ. ಪಿಜಿ_ಸ್ಟ್ಯಾಟ್_ಆರ್ಕೈವರ್‌ದಾಗ ಫೇಲ್ಡ್_ಕೌಂಟ್ ಏರ್ತದೇನು ನೋಡ್ತಿರ್ರಿ.

ಗಂಜ್_ಸರ್ವರ್:
ಫೈಲ್ ಎಲ್ಲಾ ಸಿಕ್ಕಾವ, ರಿಪ್ಲೇ (ವಾಲ್‌ದಾಗಿನ ಬದಲಾವಣೆ ಹಚ್ಚೋದು) ನಡದದ. ಇನ್ನೊಂದು ಕೇಳ್ತೀನಿ ಅಣ್ಣಾ: ಮುಂದ ಹಿಂಗ ಕಡಿದಾಗ ಬೀದರ್ ತಾನಾಗೇ ಪ್ರಮೋಟ್ ಆಗಂಗ (ಅಂದ್ರ ತಾನೇ ಪ್ರೈಮರಿ ಆಗಂಗ) ಇಡಬಹುದೇನು?

ವಾಲ್_ಕಾವಲು:
ಎರಡೇ ಮಷೀನ್ ಇರೋವಾಗ ಇಡಬ್ಯಾಡ್ರಿ. ಕಲಬುರಗಿ ಸತ್ತದೋ ಲಿಂಕ್ ಅಷ್ಟೇ ಹೋಗದೋ ಬೀದರ್‌ಗೆ ತಿಳಿಯೂದಿಲ್ಲ. ಈ ಎರಡು ದಿನದಾಗ ಪ್ರಮೋಟ್ ಆಗಿದ್ರ ಎರಡೂ ಕಡೆ ಬರವಣಿಗಿ ನಡೆದು, ಒಂದು ಕಡಿ ಬಿಲ್ ಪೂರಾ ಬಿಡಬೇಕಾಗ್ತಿತ್ತು. ಬ್ಯಾರೆ ನೆಟ್‌ವರ್ಕ್‌ದಾಗ ಮೂರನೇ ಸಾಕ್ಷಿ ಮಷೀನ್ ಒಂದು ಇದ್ದಾಗಷ್ಟೇ ಯೋಚಿಸ್ರಿ. ಸದ್ಯ ಫೋನ್ ಮಾಡಿ ಪ್ರೈಮರಿ ನಿಂತದ ಅಂತ ಖಾತ್ರಿ ಮಾಡ್ಕೊಂಡು, ಅದು ಮತ್ತ ಏಳದಂಗ ಸರ್ವಿಸ್ ಡಿಸೇಬಲ್ ಮಾಡಿ, ಕೈಯಿಂದಲೇ ಪ್ರಮೋಟ್.

ಹಳೇ ಪ್ರೈಮರಿಯನ್ನ ವಾಪಸ್ ಸ್ಟ್ಯಾಂಡ್‌ಬೈ ಮಾಡ್ಲಿಕ್ಕೆ ಪಿಜಿ_ರಿವೈಂಡ್ ಬೇಕಾಗ್ತದ. ಅದಕ್ಕ ಡೇಟಾ ಚೆಕ್‌ಸಮ್ ಇರಬೇಕು, ಇಲ್ಲಾ ವಾಲ್_ಲಾಗ್_ಹಿಂಟ್ಸ್ ಆನ್ ಇರಬೇಕು. ಎರಡನೇದಕ್ಕ ರೀಸ್ಟಾರ್ಟ್ ಬೇಕು, ಮಾರ್ಕೆಟ್ ಬಂದ್ ಇರೋ ದಿನ ಮಾಡಿ ಮುಗಿಸ್ರಿ. ಆಪತ್ತು ಬಂದ ಮ್ಯಾಲ ಆನ್ ಮಾಡಿದ್ರ ಉಪಯೋಗಿಲ್ಲ.

ಸುರಪುರ_ಡಿಬಿಎ:
ಎರಡೂ ಕಡೆ ಉಬುಂಟು ಆವೃತ್ತಿ ಒಂದೇ ಅದ ಹೌದಲ್ಲೋ? ಒಂದು ಕಡೆ 18.04, ಇನ್ನೊಂದು ಕಡೆ 22.04 ಇದ್ರ ಜಿಲಿಬ್‌ಸಿ (ಉಬುಂಟುವಿನ ಮೂಲ ಲೈಬ್ರರಿ) ಅಕ್ಷರ ವಿಂಗಡಣೆ ನಿಯಮ ಬದಲಾಗಿರ್ತದ. ರೆಪ್ಲಿಕೇಶನ್ ಒಂದು ತಪ್ಪೂ ತೋರಿಸೂದಿಲ್ಲ. ಪ್ರಮೋಟ್ ಆದ ಮ್ಯಾಲ ಹೆಸರಿನ ಇಂಡೆಕ್ಸ್‌ದಾಗ ಹುಡುಕಿದ್ರ ಇರೋ ರೈತರ ಖಾತೆನೂ ಸಿಗದೇ ಹೋಗಬಹುದು. ಹಂಗಿದ್ರ ಸ್ಟ್ಯಾಂಡ್‌ಬೈಯನ್ನ ಪ್ರೈಮರಿಯ ಆವೃತ್ತಿಗೇ ತರ್ರಿ. ಅದಕ್ಕೂ ಮೊದಲೇ ಪ್ರಮೋಟ್ ಮಾಡೋ ಪ್ರಸಂಗ ಬಂದ್ರ, ಅಂಗಡಿಯವರಿಗೆ ಬಿಡೋ ಮುಂಚೆ ಟೆಕ್ಸ್ಟ್ ಕಾಲಂ ಇಂಡೆಕ್ಸ್ ಎಲ್ಲಾ ರೀಇಂಡೆಕ್ಸ್ ಮಾಡ್ರಿ.