ಬೀಕರಿನಲ್ಲಿ ಓಡೋ ಇನ್ವರ್ಷನ್ ಕೆಟಲ್‌ನಲ್ಲಿ ಕುಂತ್ಬುಡ್ತು, ಕೆ ತಪ್ಪಾ?

ಮದ್ದೂರು_ಪಾಕ:
ತಲೆ ಕೆಟ್ಟೋಗಿದೆ. ಇನ್ವರ್ಟ್ ಪಾಕಕ್ಕೆ (ಆಸಿಡ್‌ನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗೋದೇ ಇನ್ವರ್ಷನ್) ಮೂರು ವಾರ ಪೋಲರಿಮೀಟರ್ (ಪಾಕ ಬೆಳಕನ್ನ ಎಷ್ಟು ತಿರುಗಿಸುತ್ತೆ ಅಂತ ಅಳೆಯೋ ಯಂತ್ರ) ಮುಂದೆ ಕೂತು ಕೆ, ಅಂದ್ರೆ ರಿಯಾಕ್ಷನ್ ವೇಗದ ಸ್ಥಿರಾಂಕ, ತೆಗೆದೆ. 60, 70, 80 ಡಿಗ್ರಿ. ಅರ್ಹೀನಿಯಸ್ ಗೆರೆ (ಬಿಸಿಗೆ ತಕ್ಕಂತೆ ವೇಗ ಎಷ್ಟು ಏರುತ್ತೆ ಅನ್ನೋ ಗ್ರಾಫು) ದಾರ ಹಿಡಿದಂಗೆ ನೇರ, ಅದ್ರಿಂದ ಬಂದ ಆಕ್ಟಿವೇಶನ್ ಎನರ್ಜಿ ಮೋಲ್‌ಗೆ 108 ಕಿಲೋಜೂಲ್. ಲೀಟರ್‌ಗೆ 3 ಗ್ರಾಂ ಸಿಟ್ರಿಕ್ ಆಸಿಡ್, 80ರಲ್ಲಿ ಅರ್ಧ ಮುಗಿಯೋಕೆ 34 ನಿಮಿಷ. ಇದೇ ಲೆಕ್ಕ ನಂಬ್ಕೊಂಡು 200 ಲೀಟರ್ ಜಾಕೆಟ್ ಕೆಟಲ್ (ಸುತ್ತಲ ಜೋಡಿ ಗೋಡೆಯಿಂದ ಬಿಸಿ ಮಾಡೋ ಪಾತ್ರೆ) ಮಾಡಿಸ್ದೆ. 2 ಗಂಟೆಗೆ ಶೇ. 91 ಆಗ್ಬೇಕು, ಆಗಿದ್ದು ಶೇ. 20ರ ಆಸುಪಾಸು. ಎರಡು ಬ್ಯಾಚೂ ಹಿಂಗೇ. ಮಿಕ್ಕಿದ್ದೆಲ್ಲಾ ಸೇಮ್.

ಹೆಬ್ಬಾಳ್_ರಿಯಾಕ್ಟರ್:
ಕಲಕೋದು ಸಾಲ್ತಿಲ್ಲ, ಬರ್ದಿಟ್ಕೊಳಿ. ಆರ್‌ಪಿಎಂ ಎಷ್ಟು?

ಮದ್ದೂರು_ಪಾಕ:
40. ನಿನ್ನೆ 60ಕ್ಕೆ ಏರಿಸ್ದೆ, ಅದೇ ರಾಗ.

ಹೆಬ್ಬಾಳ್_ರಿಯಾಕ್ಟರ್:
90 ಮಾಡಿ ನೋಡಿ.

ಕಾವೇರಿ_ತೀರ:
ಅಣ್ಣ, ಆಸಿಡ್ಡೂ ಪಾಕದಲ್ಲೇ ಕರಗಿದೆ, ಅರ್ಧಕ್ಕೆ 34 ನಿಮಿಷ ಹಿಡಿಯೋ ರಿಯಾಕ್ಷನ್ನು. ಕಲಕೋದು ಬಿಸಿ ಹರಡೋಕೆ ಮಾತ್ರ. ಟೆಂಪರೇಚರ್ ಎಲ್ಲಿ ಅಳೀತೀರಿ, ಜಾಕೆಟ್‌ನಲ್ಲಾ ಪಾಕದಲ್ಲಾ? ನಿಮ್ಮ 108ರ ಪ್ರಕಾರ 80 ಅಂದ್ಕೊಂಡಿದ್ದು 60 ಆಗಿದ್ರೆ ವೇಗ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತೆ.

ಮದ್ದೂರು_ಪಾಕ:
ಪಾಕದೊಳಗೇ ಎರಡು ಪ್ರೋಬ್. ಎರಡೂ 79–80.

ಗೋಕುಲಂ_ಗ್ರಾಫ್:
ಗಟ್ಟಿ ಪಾಕಕ್ಕೆ ಫಸ್ಟ್ ಆರ್ಡರ್ (ವೇಗ ಉಳಿದಿರೋ ಸಕ್ಕರೆಗೆ ತಕ್ಕಷ್ಟು ಅನ್ನೋ ಲೆಕ್ಕ) ಹಾಕೋದೇ ತಪ್ಪು. ನೀರು ಹೇರಳವಾಗಿದ್ರೆ ತಾನೆ ಅದನ್ನ ಲೆಕ್ಕದಿಂದ ಬಿಟ್ಟು ಸೂಡೋ ಫಸ್ಟ್ ಆರ್ಡರ್ ಅನ್ನೋದು?

ಕಾವೇರಿ_ತೀರ:
ಅದ್ರಿಂದ ಹತ್ತುಪಟ್ಟು ವ್ಯತ್ಯಾಸ ಬರುತ್ತಾ ಸಾರ್? ಜರ್ಮನ್ ವಿಜ್ಞಾನಿ ವಿಲ್ಹೆಲ್ಮಿ 1850ರಲ್ಲೇ ಇದೇ ಇನ್ವರ್ಷನ್‌ನ ಪೋಲರಿಮೀಟರ್‌ನಲ್ಲಿ ಅಳೆದು, ವೇಗ ಉಳಿದ ಸಕ್ಕರೆಗೆ ತಕ್ಕಷ್ಟು ಅಂತ ತೋರಿಸ್ದ.

ಗೋಕುಲಂ_ಗ್ರಾಫ್:
ಅವನ್ದು ತೆಳ್ಳನೆ ದ್ರಾವಣ ಕಣ್ರೀ. ಇತಿಹಾಸದ ಪಾಠ ಬೇಡ.

ಹೆಬ್ಬಾಳ್_ರಿಯಾಕ್ಟರ್:
90 ಮಾಡಿದ್ರಾ? ನಮ್ದು ಎಸ್‌ಎಸ್ 316 ಸ್ಟೀಲು, ಓರೆ ಪಿಚ್ಡ್ ಬ್ಲೇಡು, ಮೋಟರ್ ವೇಗ ಬದಲಿಸೋ ವಿಎಫ್‌ಡಿ. ಫೋಟೋ ಹಾಕ್ಲಾ?

ಮದ್ದೂರು_ಪಾಕ:
ಫೋಟೋ ಆಮೇಲೆ ಬುಡಿ. ಕೆಟಲ್ ಸ್ಯಾಂಪಲ್ ಪೋಲರಿಮೀಟರ್‌ಗಿಟ್ರೆ ಬರೀ ಕತ್ತಲೆ, ಅದಕ್ಕೇ ಫೆಹ್ಲಿಂಗ್ ಟೈಟ್ರೇಶನ್ (ಒಡೆದ ಸಕ್ಕರೆ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಮಾಡ್ದೆ. ಶುರುವಲ್ಲಿದ್ದ ಇನ್ವರ್ಟ್ ಕಳೆದೇ ಶೇ. 20. ಅಳತೆ ಸರಿಯಿದೆ.

ಕಾವೇರಿ_ತೀರ:
ಒಂದ್ನಿಮಿಷ. ಸಕ್ಕರೆ ಪಾಕ ಯಾಕೆ ಕತ್ತಲೆ?

ಮದ್ದೂರು_ಪಾಕ:
ಬೆಲ್ಲ ಅಲ್ವಾ ಅಣ್ಣ. ಮಂಡ್ಯದಲ್ಲಿ ಕೂತು ಇನ್ನೇನ್ ಹಾಕ್ಲಿ? ಲ್ಯಾಬಲ್ಲಿ ಟ್ಯೂಬಿನೊಳಗೆ ಬೆಳಕು ಹಾಯ್ಲಿ ಅಂತ ಅಂಗಡಿ ಸಕ್ಕರೆ.

ಕಾವೇರಿ_ತೀರ:
ಇದನ್ನ ಮೊದಲ್ನೇ ಸಾಲಲ್ಲಿ ಹೇಳೋದಲ್ವೇನಪ್ಪಾ! ಆಲೆಮನೇಲಿ ಕೊಪ್ಪರಿಗೆಗೆ ಸುಣ್ಣದ ನೀರು ಬಿಡ್ತಾರೆ. ಜೊತೆಗೆ ಕಬ್ಬಿನದೇ ಪೊಟ್ಯಾಶ್ ಉಪ್ಪು. ಎಲ್ಲಾ ಸೇರಿ ನಿಮ್ಮ ಸಿಟ್ರಿಕ್‌ನ ನುಂಗಿವೆ. ವೇಗ ಹೋಗೋದು ಹೈಡ್ರೋಜನ್ ಅಯಾನಿನ ಜೊತೆ, ನೀವು ತೂಗಿದ ಗ್ರಾಮಿನ ಜೊತೆಯಲ್ಲ. ಪಿಎಚ್ ಒಂದು ಏರಿದ್ರೆ ಹತ್ತುಪಟ್ಟು ನಿಧಾನ. ಎರಡರದ್ದೂ ನೋಡಿ, ತಣ್ಣಗಾದ ಮೇಲೆ.

ಮದ್ದೂರು_ಪಾಕ:
ಸಕ್ಕರೆದು 2.5. ಬೆಲ್ಲದ್ದು 3.5. ಥೂ, ಮೂರು ವಾರ!

ಗೋಕುಲಂ_ಗ್ರಾಫ್:
ಹಂಗಾದ್ರೂ ಫಸ್ಟ್ ಆರ್ಡರ್ ಅಲ್ಲ.

ಕಾವೇರಿ_ತೀರ:
ಸಿಟ್ರಿಕ್ ಸುಮ್ನೆ ಸುರೀಬೇಡಿ. ಪ್ರತಿ ಲೋಡ್‌ನಿಂದ ಒಂದು ಲೀಟರ್ ಕರಗಿಸಿ, ಪಿಎಚ್ 2.5 ಬರೋವರೆಗೆ ಸಿಟ್ರಿಕ್ ಎಷ್ಟು ಕುಡಿಯುತ್ತೆ ಅಂತ ಸ್ವಲ್ಪಸ್ವಲ್ಪ ಹಾಕ್ತಾ ಟೈಟ್ರೇಟ್ ಮಾಡಿ. ಕೆನ ಪಿಎಚ್ ಜೊತೆ ಕಟ್ಟಿ. ಬಿಸಿ ಮಾತ್ರ ಏರಿಸ್ಬೇಡಿ, ಎಚ್‌ಎಂಎಫ್ (ಸಕ್ಕರೆ ಬಿಸಿಗೆ ಕೆಟ್ಟು ಹುಟ್ಟೋ ಬೇಡದ ವಸ್ತು) ಹೆಚ್ಚಾಗುತ್ತೆ.

ಹೆಬ್ಬಾಳ್_ರಿಯಾಕ್ಟರ್:
ಟೈಟ್ರೇಟ್ ಮಾಡುವಾಗ್ಲೂ ಚೆನ್ನಾಗಿ ಕಲಕ್ಬೇಕು ಮತ್ತೆ. ಫೋಟೋ ಹಾಕಿದೀನಿ ನೋಡಿ.

ಮದ್ದೂರು_ಪಾಕ:
ಸುಣ್ಣ ಎಷ್ಟು ಬಿಡ್ತೀರಿ ಅಂತ ಆಲೆಮನೆ ಯಜಮಾನ್ರನ್ನ ಕೇಳ್ದೆ. "ರಸದ ಬಣ್ಣ ನೋಡ್ಕೊಂಡು, ವಸಿ" ಅಂದ್ರು. ಈ ವಸಿನ ಮಾಡೆಲ್‌ನಲ್ಲಿ ಎಲ್ಲಿ ಹಾಕ್ಲಿ?